ಎರಡನೇ ಬ್ಯಾಂಕ್ ಬದಲಿಸಿದ 48 ದಿನ: 8 ಎಂವಿಎ ಇಳಿಸಿ 12.5 ಎಂವಿಎ ಕೂರಿಸಿದ್ದು

ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಬದಲಿಸುವ ಕೆಲಸ ಮುಗಿದು ವಾರ ಆಯ್ತು. ಸೈಟ್ ಡೈರಿ ಇನ್ನೂ ಮೇಜಿನ ಮೇಲಿದೆ, ಎಣ್ಣೆ ಕಲೆ ಸಮೇತ. ಮರೆತುಹೋಗುವ ಮುಂಚೆ ಎಲ್ಲವನ್ನೂ ಸಾಲಾಗಿ ಬರೆದಿಡುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವ ಇನ್ನೊಬ್ಬರಿಗೆ ನಮ್ಮ ನಾಲ್ಕು ತಪ್ಪುಗಳಲ್ಲಿ ಒಂದಾದರೂ ತಪ್ಪಲಿ.

ಜಾಗ: ತುಮಕೂರು ಜಿಲ್ಲೆಯ ಒಂದು 66/11 ಕೆವಿ ಸ್ಟೇಷನ್. ಕೆಇಬಿ ಕಾಲದ್ದು. ಎರಡು ಬ್ಯಾಂಕ್ (66 ಕೆವಿಯನ್ನು 11ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್‌ಗೆ ನಮ್ಮ ಮಾತಿನಲ್ಲಿ ಬ್ಯಾಂಕ್), ಎರಡೂ 8 ಎಂವಿಎ. ಎಂವಿಎ ಅಂದರೆ ಅದು ಎಷ್ಟು ಲೋಡ್ ಹೊರುತ್ತೆ ಅನ್ನುವ ಅಳತೆ. ನಾನು ಗುತ್ತಿಗೆದಾರರ ಕಡೆಯ ಸೈಟ್ ಇಂಜಿನಿಯರ್. ನನ್ನ ಜೊತೆ ಇಬ್ಬರು ಎಲೆಕ್ಟ್ರಿಷಿಯನ್, ಒಬ್ಬ ವೆಲ್ಡರ್, ಎಂಟು ಜನರ ಜಾಕಿ ಗ್ಯಾಂಗ್.

ಯಾಕೆ ಬದಲಿಸಬೇಕಾಯ್ತು ಅಂದರೆ, 8 ಎಂವಿಎ ಬ್ಯಾಂಕ್ 11 ಕೆವಿ ಕಡೆ ಪೂರ್ತಿ ಲೋಡಿನಲ್ಲಿ ಕೊಡುವುದು 420 ಆಂಪ್ಸ್. ಏಪ್ರಿಲ್ ತಿಂಗಳ ಲಾಗ್‌ಶೀಟ್‌ನಲ್ಲಿ ಒಂದನೇ ಬ್ಯಾಂಕ್ 400, ಎರಡನೇದು 410. ಪಂಪ್‌ಸೆಟ್ ಫೀಡರ್‌ಗಳಿಗೆ ತ್ರೀಫೇಸ್ ಕೊಟ್ಟ ಹೊತ್ತಿನಲ್ಲಿ ಎರಡೂ ಕತ್ತಿನ ತನಕ ತುಂಬಿರುತ್ತಿದ್ದವು. ಇಂಥ ಹೊತ್ತಿನಲ್ಲಿ ಒಂದು ಬಿದ್ದರೆ ಅದರ ಭಾರ ಇನ್ನೊಂದರ ಮೇಲೆ ಹಾಕುವ ಹಾಗೇ ಇಲ್ಲ. ಹಾಕಿದರೆ ಅದೂ ಬೀಳುತ್ತೆ. ಆಗ ಇಡೀ ಹೋಬಳಿಗೆ ಕತ್ತಲೆ.

12.5 ಎಂವಿಎಗೆ 11 ಕೆವಿ ಕಡೆ 656 ಆಂಪ್ಸ್. ಒಂದು ಬ್ಯಾಂಕ್ ಬದಲಿಸಿದರೆ ಬೇಸಿಗೆಯಲ್ಲಿ ಒಂದರ ಮೇಲೆ ಪೂರ್ತಿ ಸ್ಟೇಷನ್ ನಡೆಯುವುದಿಲ್ಲ, ನಿಜ. ಆದರೆ ಊರುಗಳಿಗೆ ಹೋಗುವ ನಿರಂತರ ಜ್ಯೋತಿ ಫೀಡರ್, ಕುಡಿಯುವ ನೀರಿನ ಪಂಪ್‌ಹೌಸ್, ಆಸ್ಪತ್ರೆ ಇಷ್ಟನ್ನಾದರೂ ಉಳಿಸಿಕೊಳ್ಳಬಹುದು.

ದಿನ 1–2: ಲೋಡ್ ಹಂಚಿಕೆ, ಎಲ್‌ಸಿ

ಮಳೆಗಾಲವನ್ನೇ ಆರಿಸಿಕೊಂಡೆವು. ಪಂಪ್‌ಸೆಟ್ ಓಟ ಕಮ್ಮಿ. ಆದರೂ ಒಂದೇ ಬ್ಯಾಂಕ್ ಸಾಲದು. ಎರಡು ಫೀಡರ್‌ಗಳನ್ನು ಲಿಂಕ್ ಲೈನ್ ಮೂಲಕ ಪಕ್ಕದ ಸ್ಟೇಷನ್ನಿಗೆ ದಾಟಿಸಿದರು. ಉಳಿದ ಪಂಪ್‌ಸೆಟ್ ಫೀಡರ್‌ಗಳಿಗೆ ಏಳು ಗಂಟೆ ತ್ರೀಫೇಸ್ ಅನ್ನು ಹಗಲು ನಾಲ್ಕು, ರಾತ್ರಿ ಮೂರು ಎಂದು ಒಡೆದರು.

ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಕೈಗೆ ಬಂದ ಮೇಲೆ 66 ಕೆವಿ ಬೇಗೆ (ಯಾರ್ಡಿನಲ್ಲಿ ಈ ಬ್ಯಾಂಕಿನ ಬ್ರೇಕರ್, ಸ್ವಿಚ್ ಇರುವ ಭಾಗ) ಅರ್ತ್ ರಾಡ್ ಹಾಕಿದೆವು. ಮೂರನೇ ಫೇಸಿಗೆ ಕೊಕ್ಕೆ ತಾಗಿಸುವಾಗ ಚಿಟ್ ಅಂತ ಕಿಡಿ ಹಾರಿತು. ಐಸೊಲೇಟರ್ ಅನ್ನುವ ಲೈನ್ ಬಿಡಿಸುವ ಸ್ವಿಚ್ಚಿನ ಮೂರೂ ಕೈ ತೆರೆದಿದ್ದು ಕಣ್ಣಿಗೆ ಕಾಣುತ್ತಿತ್ತು. ಪಕ್ಕದ ಬೇ ಚಾರ್ಜ್ ಇತ್ತಲ್ಲ, ಅದರ ಇಂಡಕ್ಷನ್, ಅಂದರೆ ತಾಗದೆಯೇ ಪಕ್ಕದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್. ಕಾಗದದ ಮೇಲೆ ಸಹಿ ಬಿದ್ದ ಮಾತ್ರಕ್ಕೆ ಲೈನ್ ಸತ್ತಿರುವುದಿಲ್ಲ. ಅರ್ತ್ ರಾಡ್ ಹಾಕಿ, ಕೆಲಸ ಮಾಡುವ ಜಾಗದ ಎರಡೂ ಕಡೆ ಹಾಕಿ, ಆಮೇಲೆ ಮಾತ್ರ ಏಣಿ ಹತ್ತಬೇಕು. ಗ್ಯಾಂಗಿನ ಹೊಸ ಹುಡುಗರನ್ನು ನಿಲ್ಲಿಸಿ ಆ ಕಿಡಿಯನ್ನು ಇನ್ನೊಮ್ಮೆ ತೋರಿಸಿದೆ.

ದಿನ 3–5: ಹಳೆಯದನ್ನು ಇಳಿಸಿದ್ದು

ಎಣ್ಣೆ ಬಸಿದು ಬ್ಯಾರೆಲ್‌ಗಳಿಗೆ ತುಂಬಿದೆವು. ರೇಡಿಯೇಟರ್, ಕನ್ಸರ್ವೇಟರ್ (ಮೇಲಿರುವ ಎಣ್ಣೆ ಪೀಪಾಯಿ), ಬುಶಿಂಗ್ (ತಂತಿ ಟ್ಯಾಂಕಿನೊಳಗೆ ಹೋಗುವ ಪಿಂಗಾಣಿ ಕೊಳವೆ) ಬಿಚ್ಚಿದೆವು. ಟ್ಯಾಂಕ್ ಅನ್ನು ಪ್ಲಿಂತ್‌ನ (ಟ್ಯಾಂಕ್ ಕೂರುವ ಕಾಂಕ್ರೀಟ್ ಕಟ್ಟೆ) ಹಳಿ ಮೇಲಿಂದ ಸ್ಲೀಪರ್ (ಮರದ ದಿಮ್ಮಿ) ರಾಶಿಗೆ ಎಳೆದೆವು. ಇದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಮೂರು ದಿನ, ಅಂದುಕೊಂಡ ಹಾಗೇ ಆಯ್ತು.

ದಿನ 6–8: ನೆಲ ಅಗೆದಾಗ ಸಿಕ್ಕಿದ್ದು

ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಇದು.

ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್‌ಗೆ (11 ಕೆವಿ ಕಡೆಯ ಮೂರೂ ಫೇಸ್ ಕೂಡುವ ಬಿಂದು) ಎರಡು ಅರ್ತ್ ಪಿಟ್, ಅಂದರೆ ನೆಲಕ್ಕೆ ಪೈಪ್ ಇಳಿಸಿದ ಗುಂಡಿ. ಪ್ರತಿ ಪಿಟ್ ಪಕ್ಕ ಪುಟ್ಟ ಬೋರ್ಡ್. ಅದರ ಮೇಲೆ ಬಿಳಿ ಬಣ್ಣದಲ್ಲಿ ಓಮ್ ಬರೆದಿರುತ್ತಾರೆ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಒಂದರಲ್ಲಿ 1.2, ಇನ್ನೊಂದರಲ್ಲಿ 1.4 ಅಂತ ಇತ್ತು. ನೆಲದ ಮೇಲೆ ಕಾಣುವ ಫ್ಲಾಟ್‌ಗೆ (ನ್ಯೂಟ್ರಲ್‌ನಿಂದ ಪಿಟ್‌ಗೆ ಹೋಗುವ ಕಬ್ಬಿಣದ ಪಟ್ಟಿ) ಹಸಿರು ಬಣ್ಣ ಹೊಡೆದು ಚೆನ್ನಾಗಿಯೇ ಇಟ್ಟಿದ್ದರು. ನಮ್ಮ ಕೆಲಸದ ಪಟ್ಟಿಯಲ್ಲಿ ಇದ್ದದ್ದು ಹೊಸ ಟ್ಯಾಂಕಿಗೆ ಆ ಫ್ಲಾಟ್ ಜೋಡಿಸುವುದು ಮಾತ್ರ. ಸುಮ್ನೆ ಒಮ್ಮೆ ನೋಡೋಣ ಅಂತ ಪಿಟ್ ಬಿಡಿಸಿ ಅರ್ತ್ ಟೆಸ್ಟರ್ ಇಟ್ಟೆ. ಫ್ಲಾಟ್‌ನ ತುದಿಯಿಂದ ಅಳೆದರೆ ಮೊದಲನೇದು 11 ಓಮ್. ಎರಡನೇದರಲ್ಲಿ ಮುಳ್ಳು ನಿಲ್ಲಲೇ ಇಲ್ಲ.

ಜೆಸಿಬಿ ಬೇಡ, ಕೈಯಲ್ಲೇ ಅಗೆಯಿರಿ ಅಂದೆ. ಒಂದೂವರೆ ಅಡಿ ಇಳಿದ ಕೂಡಲೇ ಕಂಡಿತು. 75×8 ಮಿಮೀ ಎಂಎಸ್ ಫ್ಲಾಟ್. ಮಣ್ಣಿನ ಮೇಲೆ ಎಂಟು ಮಿಲಿಮೀಟರ್ ದಪ್ಪ ಇದ್ದದ್ದು ಮಣ್ಣಿನೊಳಗೆ ಪದರ ಪದರವಾಗಿ ಉಬ್ಬಿತ್ತು. ವೆಲ್ಡರ್ ಬೆರಳಲ್ಲಿ ಒತ್ತಿದ. ಹಪ್ಪಳದ ಹಾಗೆ ಮುರಿದು ಅವನ ಅಂಗೈಗೆ ಬಂತು. ಅಂಗೈಯೆಲ್ಲ ಕೆಂಪು ಪುಡಿ. ಅದರ ಕೆಳಗೆ ನಾಲ್ಕು ಬೆರಳಗಲ ಬರೀ ಮಣ್ಣು, ಆಮೇಲೆ ಫ್ಲಾಟ್ ಮತ್ತೆ ಶುರು. ಅಂದರೆ ಎರಡನೇ ಪಿಟ್‌ಗೂ ನ್ಯೂಟ್ರಲ್‌ಗೂ ಸಂಬಂಧವೇ ಇರಲಿಲ್ಲ. ಮೊದಲನೇದು ಒಂದು ಮೂಲೆಯಲ್ಲಿ ಎರಡು ಮಿಲಿಮೀಟರ್‌ನಷ್ಟು ಹಿಡಿದುಕೊಂಡಿತ್ತು.

ಹೊಲದಲ್ಲಿ 11 ಕೆವಿ ತಂತಿ ಕಡಿದು ನೆಲಕ್ಕೆ ಬಿದ್ದರೆ ಕರೆಂಟ್ ಭೂಮಿಯ ಮೂಲಕ ಈ ನ್ಯೂಟ್ರಲ್‌ಗೇ ವಾಪಸ್ ಬರಬೇಕು. ಬಂದರೆ ತಾನೇ ಅರ್ತ್ ಫಾಲ್ಟ್ ರಿಲೇಗೆ ಗೊತ್ತಾಗಿ ಬ್ರೇಕರ್ ಬೀಳುವುದು? ದಾರಿಯೇ ಇಷ್ಟು ಸವೆದಿದ್ದರೆ ತಂತಿ ಬಿದ್ದಲ್ಲೇ ಜೀವಂತ ಇರುತ್ತೆ. ಬೆಳಗ್ಗೆ ನೀರು ಹಾಯಿಸಲು ಬರುವವರು ಯಾರು? ಈ ಸ್ಟೇಷನ್ ಇಷ್ಟು ದಿನ ಹೇಗೆ ತಪ್ಪಿಸಿಕೊಂಡಿತು ಅಂದರೆ, ಟ್ಯಾಂಕ್ ಬಾಡಿಯ ಮೂಲಕ, ಸ್ಟ್ರಕ್ಚರ್ ಮೂಲಕ ಹೇಗೋ ಮ್ಯಾಟ್‌ಗೆ (ಸ್ಟೇಷನ್ ನೆಲದಡಿ ಹೂತ ಅರ್ತ್ ಜಾಲ) ಅರ್ಧಂಬರ್ಧ ಸಂಪರ್ಕ ಇತ್ತು. ಅಷ್ಟೇ.

ಮಾಡಿದ್ದು ಇಷ್ಟು:

ನ್ಯೂಟ್ರಲ್‌ನಿಂದ ಎರಡು ಪಿಟ್‌ಗೂ, ಪಿಟ್‌ನಿಂದ ಮ್ಯಾಟ್‌ಗೂ ಹೊಸ 75×8 ಫ್ಲಾಟ್. ಒಟ್ಟು 36 ಮೀಟರ್, 170 ಕೆಜಿ, ಸುಮಾರು 12,000 ರೂಪಾಯಿ. ಜೋಡಿಸುವಲ್ಲಿ 150 ಮಿಮೀ ಒಂದರ ಮೇಲೊಂದು ಇಟ್ಟು ನಾಲ್ಕೂ ಅಂಚಿಗೆ ವೆಲ್ಡಿಂಗ್. ವೆಲ್ಡ್ ಆದ ಜಾಗಕ್ಕೆಲ್ಲ ಎರಡು ಕೋಟ್ ಬಿಟುಮಿನ್. ಮಣ್ಣು ಮತ್ತು ಗಾಳಿ ಸೇರುವ ಜಾಗದಲ್ಲಿ, ಅಂದರೆ ನೆಲಮಟ್ಟದಿಂದ ಮೇಲೊಂದು ಅಡಿ ಕೆಳಗೊಂದು ಅಡಿ, ಬಿಟುಮಿನ್ ಮೇಲೆ ಟೇಪ್ ಸುತ್ತಿದೆವು. ತುಕ್ಕು ತಿನ್ನುವುದು ಅಲ್ಲೇ ಜಾಸ್ತಿ. ಪೈಪ್‌ಗಳು ಗಟ್ಟಿಯಿದ್ದವು, ಬಿಟ್ಟೆವು. ಸುತ್ತ ಇದ್ದಿಲು-ಉಪ್ಪು ತೆಗೆದು ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿದೆವು. ಉಪ್ಪು ಓಮ್ ಇಳಿಸುತ್ತೆ, ಜೊತೆಗೆ ಕಬ್ಬಿಣವನ್ನೂ ತಿನ್ನುತ್ತೆ.

ಆಮೇಲೆ ಮ್ಯಾಟ್ ಸೇರಿಸಿ ಅಳೆದಾಗ 0.8 ಓಮ್. ಬೋರ್ಡ್‌ನ ಹಳೇ ಅಂಕಿ ಒರೆಸಿ, ನಾವು ಅಳೆದದ್ದನ್ನು ತಾರೀಖಿನ ಸಮೇತ ಬರೆದೆವು.

ದಿನ 9: ಮೊದಲ ತಪ್ಪು, ಹಳಿ

ಟ್ರೇಲರ್ ಮಧ್ಯಾಹ್ನ ಬಂತು. ಎಣ್ಣೆ ಇಲ್ಲದೆ 20 ಟನ್ ದಾಟಿದ ಟ್ಯಾಂಕ್, ಒಳಗೆ ನೈಟ್ರೋಜನ್. ಗೇಜ್ ನೋಡಿದೆ, ಒತ್ತಡ ಉಳಿದಿತ್ತು. ಇಂಪ್ಯಾಕ್ಟ್ ರೆಕಾರ್ಡರ್ ಕೂಡ ಸರಿ. ಖುಷಿಯಲ್ಲಿ ಟೇಪ್ ಹಿಡಿದು ಚಕ್ರದ ನಡುವಿನ ಅಂತರ ಅಳೆದೆ. 1,676 ಮಿಮೀ. ಪ್ಲಿಂತ್‌ನ ಹಳಿಗಳ ನಡುವೆ 1,435.

ಎದೆ ಧಸಕ್ ಅಂತು. ಡ್ರಾಯಿಂಗ್ ನೋಡಿಯೇ ಬಂದಿದ್ದೆ. ಆದರೆ ನೋಡಿದ್ದು ಪ್ಲಿಂತ್‌ನ ಉದ್ದ ಅಗಲ, ಕಾಂಕ್ರೀಟ್ ತಡೆಯುವ ತೂಕ. ಹಳಿಯ ಅಂತರ ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಹಳೆಯದೂ ಹೊಸದೂ ಒಂದೇ ಇರುತ್ತೆ ಅಂದುಕೊಂಡೆ. ಹಳೆ ಟ್ಯಾಂಕ್ ಎಳೆಯುವ ದಿನ ಟೇಪ್ ನನ್ನ ಜೇಬಿನಲ್ಲೇ ಇತ್ತು.

ಟ್ರೇಲರ್ ನಿಲ್ಲಿಸಿಕೊಂಡರೆ ದಿನಕ್ಕೆ 8,000 ಬಾಡಿಗೆ. ಅದಕ್ಕೆ ಪ್ಲಿಂತ್ ಪಕ್ಕದಲ್ಲೇ ಸ್ಲೀಪರ್ ರಾಶಿ ಹಾಕಿ ಇಳಿಸಿದೆವು. ನಾಲ್ಕು ಮೂಲೆಗೆ ನಾಲ್ಕು ಜಾಕಿ. ಒಂದು ಸಲಕ್ಕೆ ಒಂದು ಬದಿ ಎರಡೇ ಇಂಚು. ಎತ್ತಿದ ತಕ್ಷಣ ಕೆಳಗೆ ಮರ. ಗ್ಯಾಂಗಿನ ಹಿರಿಯರೊಬ್ಬರು ಇಡೀ ಹೊತ್ತು ಟ್ಯಾಂಕಿನ ಕಡೆ ನೋಡಲೇ ಇಲ್ಲ. ಕೂತು, ಕತ್ತು ಬಗ್ಗಿಸಿ ಸ್ಲೀಪರನ್ನೇ ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ. "ಮರ ಮಾತಾಡ್ತೈತೆ ಸಾರ್, ಕಿರ್ರ್ ಅಂದ್ರೆ ನಿಲ್ಲಿಸ್ಬೇಕು" ಅಂದರು. ಒಮ್ಮೆ ಅಂದಿತು ಕೂಡ. ಎಲ್ಲರನ್ನೂ ಹಿಂದೆ ಸರಿಸಿ, ಆ ಮರ ತೆಗೆಸಿ, ಬೇರೆ ಇಡಿಸಿದರು. ತೆಗೆದ ಸ್ಲೀಪರ್ ಉದ್ದಕ್ಕೂ ಸೀಳಿತ್ತು.

ದಿನ 10–20: ಕಾಂಕ್ರೀಟ್ ಒಣಗುವ ತನಕ

ಒಂದು ಬದಿಯ ಹಳಿ ಒಡೆದು ತೆಗೆದು, 241 ಮಿಮೀ ಆಚೆಗೆ ಕೂರಿಸಬೇಕು. ಅದೃಷ್ಟಕ್ಕೆ ಪ್ಲಿಂತ್ ಅಗಲ ಸಾಕಾಯ್ತು. ಬ್ರೇಕರ್ ಯಂತ್ರದಲ್ಲಿ ಒಡೆಯಲು ಎರಡು ದಿನ. ಹಳೇ ಕಾಂಕ್ರೀಟಿಗೆ ರಂಧ್ರ ಕೊರೆದು, ಕೆಮಿಕಲ್ ಹಾಕಿ ಸರಳು ನಿಲ್ಲಿಸಿ, ಎಂ30 ಕಾಂಕ್ರೀಟ್ ಹಾಕಿದೆವು. ಗೋಣಿಚೀಲ ಹಾಸಿ ದಿನಕ್ಕೆ ನಾಲ್ಕು ಸಲ ನೀರು. ಜೊತೆಗೆ ಅದೇ ಕಾಂಕ್ರೀಟಿನ ಮೂರು ಮಾದರಿ ಕ್ಯೂಬ್ ತುಂಬಿಸಿಟ್ಟು, ಏಳನೇ ದಿನ ಒಡೆಸಿ ನೋಡಿದ ಮೇಲೇ ಮುಂದಿನ ಮಾತು. ಈ ತಪ್ಪಿಗೆ ಹೋದದ್ದು 38,000 ರೂಪಾಯಿ ಮತ್ತು ಹತ್ತು ದಿನ.

ಆ ದಿನಗಳಲ್ಲಿ ಒಬ್ಬ ರೈತರು ಗೇಟಿನ ಹತ್ತಿರ ಬಂದು ನಿಂತರು. "ಸ್ವಾಮಿ, ಇನ್ನೆಷ್ಟು ದಿನ ಹಿಂಗೆ? ಟೊಮ್ಯಾಟೊ ನಾಟಿ ಮಾಡಿದೀನಿ, ರಾತ್ರಿ ಎರಡಕ್ಕೆ ಎದ್ದು ಮೋಟ್ರು ಹಾಕ್ತಾ ಇದೀನಿ." ಹತ್ತು ದಿನ ತಡವಾದದ್ದು ನಮ್ಮ ಅಳತೆ ತಪ್ಪಿನಿಂದ ಅಂತ ಅವರಿಗೆ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿ, ಗಟ್ಟಿ ಮಾಡಿ" ಅಂದು ಹೋದರು. ಆ ಮಾತು ಕಿವಿಯಲ್ಲಿ ಉಳಿಯಿತು.

ಕಾಯುವ ದಿನಗಳನ್ನು ವ್ಯರ್ಥ ಮಾಡಲಿಲ್ಲ. 66 ಕೆವಿ ಸಿಟಿಗಳನ್ನು (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಮೀಟರ್, ರಿಲೇಗೆ ಸಣ್ಣದಾಗಿ ಇಳಿಸಿ ಕೊಡುವುದು) 150/1ಕ್ಕೆ, 11 ಕೆವಿ ಬ್ಯಾಂಕ್ ಸಿಟಿಗಳನ್ನು 800/1ಕ್ಕೆ ಬದಲಿಸಿದೆವು. ಹಳೆಯದು 400/5 ಇತ್ತು, ಹೊಸ ಬ್ಯಾಂಕಿನ 656 ಆಂಪ್ಸ್‌ಗೆ ಅದು ಆಗದು. ಬ್ಯಾಂಕಿನಿಂದ 11 ಕೆವಿ ಬ್ರೇಕರ್‌ವರೆಗಿನ ಕೇಬಲ್ ಫೇಸಿಗೆ ಒಂದರಂತೆ 400 ಚದರ ಮಿಮೀ ಇತ್ತು. ಈಗ 630 ಚದರ ಮಿಮೀ, ಫೇಸಿಗೆ ಎರಡು. ಬ್ಯಾಂಕ್ ದೊಡ್ಡದು ಮಾಡಿ ಕೇಬಲ್ ಹಳೆಯದೇ ಬಿಟ್ಟರೆ ದೊಡ್ಡ ತೊಟ್ಟಿಗೆ ಸಣ್ಣ ನಲ್ಲಿ ಇಟ್ಟ ಹಾಗೆ.

ದಿನ 21–24: ಕೂರಿಸಿದ್ದು

ಐಸಾ, ಐಸಾ ಅಂತ ಕೈ ವಿಂಚಿನಲ್ಲಿ ಎಳೆದು ಪ್ಲಿಂತ್ ಮೇಲೆ ತಂದೆವು. ಏಳು ಮೀಟರ್ ದಾರಿಗೆ ಐದು ಗಂಟೆ. ಕನ್ಸರ್ವೇಟರ್, ಬುಕ್‌ಹೋಲ್ಜ್ ರಿಲೇ (ಟ್ಯಾಂಕಿನಿಂದ ಗ್ಯಾಸ್ ಎದ್ದರೆ ಎಚ್ಚರಿಸುವುದು), ರೇಡಿಯೇಟರ್, ಬುಶಿಂಗ್ ಕೂರಿಸಿದೆವು. ಗ್ಯಾಸ್ಕೆಟ್ ಎಲ್ಲಾ ಹೊಸದು. ಟ್ಯಾಂಕ್ ತೆರೆದಿಡುವ ಹೊತ್ತು ಆದಷ್ಟು ಕಮ್ಮಿ ಇರಬೇಕು. ಮೋಡ ಕವಿದಿದ್ದ ಒಂದು ದಿನ ಮ್ಯಾನ್‌ಹೋಲ್ ತೆಗೆಯದೆ ಸುಮ್ಮನೆ ಕೂತೆವು. ಆ ನಿರ್ಧಾರ ಸರಿಯಿತ್ತು.

ದಿನ 25–32: ಎರಡನೇ ತಪ್ಪು, ಎಣ್ಣೆ

ಎಣ್ಣೆ ಸುಮಾರು 8,000 ಲೀಟರ್, 209 ಲೀಟರಿನ 39 ಬ್ಯಾರೆಲ್. ವ್ಯಾಕ್ಯೂಮ್ ಎಳೆದು, ಫಿಲ್ಟರ್ ಯಂತ್ರದ ಮೂಲಕ ತುಂಬಿಸಿ, ಸುತ್ತು ಹಾಕಿಸತೊಡಗಿದೆವು. ಗುರಿ ಇಷ್ಟೇ: ಬಿಡಿವಿ 60 ಕೆವಿ ದಾಟಬೇಕು. 2.5 ಮಿಮೀ ಅಂತರದ ಎರಡು ಗೋಲಿಗಳ ನಡುವೆ ಎಣ್ಣೆ ಎಷ್ಟು ಕೆವಿ ತಡೆಯುತ್ತೆ ಅನ್ನುವ ಅಳತೆ. ಆರು ಸಲ ನೋಡಿ ಸರಾಸರಿ.

ಮೊದಲ ದಿನ 38. ಎರಡನೇ ದಿನ 41. ಮೂರನೇ ದಿನ 40. ಅಲ್ಲೇ ನಿಂತಿತು.

ಮೊದಲು ಸ್ಯಾಂಪಲ್ ಬಾಟಲಿ ಮೇಲೆ ಅನುಮಾನ ಪಟ್ಟೆ. ಅದೇ ಎಣ್ಣೆಯಲ್ಲಿ ಮೂರು ಸಲ ತೊಳೆದು ಮತ್ತೆ ನೋಡಿದೆ. ಅದೇ ಅಂಕಿ. ಹೋಸ್‌ನ ಒಂದು ಜಾಯಿಂಟ್‌ನಲ್ಲಿ ಗಾಳಿ ಎಳೆಯುತ್ತಿತ್ತು. 9,500 ಕೊಟ್ಟು ಹೊಸ ಹೋಸ್ ತರಿಸಿದೆ. 43ಕ್ಕೆ ಹತ್ತಿ ಮತ್ತೆ ನಿಂತಿತು.

ನಿಜವಾದ ಕಾರಣ ಯಂತ್ರದ ಥರ್ಮಾಮೀಟರ್‌ನಲ್ಲೇ ಇತ್ತು. ಎಣ್ಣೆ 60ರಿಂದ 65 ಡಿಗ್ರಿಗೆ ಬಂದರೆ ಮಾತ್ರ ಒಳಗಿನ ತೇವ ಬಿಟ್ಟು ಹೊರಬರುತ್ತೆ. ನಮ್ಮದು 46ಕ್ಕಿಂತ ಮೇಲೆ ಹೋಗಿಯೇ ಇರಲಿಲ್ಲ. ಯಂತ್ರದ ಹೀಟರ್ ಪೂರ್ತಿ ಹಾಕಿದರೆ 72 ಕಿಲೋವ್ಯಾಟ್. ಸ್ಟೇಷನ್ನಿನ ಸ್ವಂತ ಬಳಕೆಯ ಟಿಸಿ (ಸಣ್ಣ ಟ್ರಾನ್ಸ್‌ಫಾರ್ಮರ್) 63 ಕೆವಿಎ. ಹಾಗಾಗಿ ಆಪರೇಟರ್ ಅರ್ಧ ಹೀಟರ್ ಮಾತ್ರ ಹಾಕಿದ್ದ. ಅವನು ಮಾಡಿದ್ದು ಸರಿ, ಇಲ್ಲದಿದ್ದರೆ ಕಂಟ್ರೋಲ್ ರೂಮಿನ ಬ್ಯಾಟರಿ ಚಾರ್ಜರ್ ಸಮೇತ ಹೋಗುತ್ತಿತ್ತು. ಲೆಕ್ಕ ಹಾಕಿಕೊಳ್ಳದೆ ಯಂತ್ರ ತರಿಸಿದ್ದು ನನ್ನ ತಪ್ಪು.

ಮೊದಲ ಉಪಾಯ: ರೇಡಿಯೇಟರ್ ವಾಲ್ವ್‌ಗಳನ್ನೆಲ್ಲ ಮುಚ್ಚಿ, ಟ್ಯಾಂಕಿಗೆ ಟಾರ್ಪಾಲ್ ಹೊದಿಸಿದೆವು. ಶಾಖ ಹೊರಗೆ ಹೋಗುವುದು ಕಮ್ಮಿಯಾಗಿ 53ಕ್ಕೆ ಬಂತು. ಬಿಡಿವಿ 49. ಸಾಲದು. ಎರಡನೇದು: 125 ಕೆವಿಎ ಜನರೇಟರ್ ಬಾಡಿಗೆಗೆ ತಂದೆವು. ಎರಡು ದಿನಕ್ಕೆ 18,000. 28 ಗಂಟೆ ಓಡಿತು, 560 ಲೀಟರ್ ಡೀಸೆಲ್, ಹತ್ತಿರ ಹತ್ತಿರ 50,000. ಎಣ್ಣೆ 63 ಡಿಗ್ರಿ ಮುಟ್ಟಿತು. ಒಂದೇ ರಾತ್ರಿಯಲ್ಲಿ ಬಿಡಿವಿ 58. ಆಮೇಲೆ ರೇಡಿಯೇಟರ್‌ಗಳನ್ನು ಒಂದೊಂದಾಗಿ ತೆರೆದು ಅವುಗಳೊಳಗಿನ ಎಣ್ಣೆಯನ್ನೂ ಸುತ್ತಿಗೆ ಸೇರಿಸಿದೆವು. ಕೊನೆಯ ಸ್ಯಾಂಪಲ್, ಆರು ಅಳತೆಯ ಸರಾಸರಿ, 67.

ಈ ರೇಡಿಯೇಟರ್ ತೆರೆದ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತೆ.

ದಿನ 33–35: ಪರೀಕ್ಷೆ, ಮತ್ತು ಮೂರನೇ ತಪ್ಪಿನ ಬೀಜ

ಮೆಗ್ಗರ್ (ಇನ್ಸುಲೇಷನ್ ಅಳತೆ), ರೇಶಿಯೊ, ವೈಂಡಿಂಗ್ ರೆಸಿಸ್ಟೆನ್ಸ್, ಮ್ಯಾಗ್ನೆಟಿಕ್ ಬ್ಯಾಲೆನ್ಸ್ ಎಲ್ಲ ಸರಿ ಬಂದವು. ಡಿಫರೆನ್ಷಿಯಲ್ ರಿಲೇ ಬ್ಯಾಂಕಿಗೆ ಹೋಗುವ ಕರೆಂಟನ್ನೂ ಬರುವ ಕರೆಂಟನ್ನೂ ತಾಳೆ ನೋಡುತ್ತೆ, ಹೊಂದದಿದ್ದರೆ ಬ್ರೇಕರ್ ಬೀಳಿಸುತ್ತೆ. ಅದಕ್ಕೆ ಸ್ಟೆಬಿಲಿಟಿ ಟೆಸ್ಟ್ ಕೂಡ ಮಾಡಿದೆವು. 66 ಕೆವಿ ಬುಶಿಂಗ್‌ಗೆ 415 ವೋಲ್ಟ್ ತ್ರೀಫೇಸ್ ಕೊಟ್ಟು, 11 ಕೆವಿ ಕಡೆ ಮೂರೂ ಫೇಸ್ ಶಾರ್ಟ್ ಮಾಡಿ, ಸಿಟಿ ವೈರುಗಳಲ್ಲಿ ಮಿಲಿಆಂಪ್ಸ್ ನೋಡುವುದು. 66 ಕೆವಿ ಕಡೆ 6.9 ಆಂಪ್ಸ್, 11 ಕೆವಿ ಕಡೆ 41. ಸಿಟಿ ಸೆಕೆಂಡರಿಯಲ್ಲಿ 46 ಮತ್ತು 51 ಮಿಲಿಆಂಪ್ಸ್. ರಿಲೇಯಲ್ಲಿ ಡಿಫರೆನ್ಷಿಯಲ್ ಕರೆಂಟ್ ಬಹುತೇಕ ಸೊನ್ನೆ. ಶಭಾಷ್ ಅಂದುಕೊಂಡೆವು.

35ನೇ ದಿನ ಜೋರು ಮಳೆ. 11 ಕೆವಿ ಸಿಟಿಯ ಜಂಕ್ಷನ್ ಬಾಕ್ಸ್‌ಗೆ ಮೇಲಿನ ಗ್ಲ್ಯಾಂಡ್‌ನಿಂದ (ಕೇಬಲ್ ಒಳಹೋಗುವ ಬಾಯಿ) ನೀರು ಇಳಿಯುತ್ತಿತ್ತು. ಕೇಬಲನ್ನು ಕೆಳಗಿನಿಂದ ತರಿಸೋಣ ಅಂದೆ. ವೈರ್ ಬಿಚ್ಚಿ, ಗ್ಲ್ಯಾಂಡ್ ಬದಲಿಸಿ, ಮತ್ತೆ ಕಟ್ಟಿದೆವು. ಅರ್ಧ ಗಂಟೆಯ ಕೆಲಸ. ಆಮೇಲೆ ಸ್ಟೆಬಿಲಿಟಿ ಟೆಸ್ಟ್ ಮತ್ತೆ ಮಾಡಲಿಲ್ಲ.

ದಿನ 36: ಚಾರ್ಜ್

ಬೆಳಗ್ಗೆ 11.20ಕ್ಕೆ 66 ಕೆವಿ ಬ್ರೇಕರ್ ಹಾಕಿದರು. ಹೂಂ ಅನ್ನುವ ದನಿ ಒಂದು ಕ್ಷಣ ಜೋರಾಗಿ, ಆಮೇಲೆ ತಗ್ಗಿತು. ಲೋಡ್ ಇಲ್ಲದೆ 24 ಗಂಟೆ ಬಿಡುವುದು ಪದ್ಧತಿ.

ರಾತ್ರಿ 9.40ಕ್ಕೆ ಬುಕ್‌ಹೋಲ್ಜ್ ಅಲಾರಂ. ಟ್ರಿಪ್ ಆಗಲಿಲ್ಲ, ಮೇಲಿನ ಫ್ಲೋಟ್ ಮಾತ್ರ ಇಳಿದಿತ್ತು. ಬ್ಯಾಂಕ್ ಆಫ್ ಮಾಡಿ ಐಸೊಲೇಟ್ ಮಾಡಿಸಿಕೊಂಡು ಗ್ಯಾಸ್ ಹಿಡಿದೆವು. ಬಣ್ಣ ಇಲ್ಲ, ವಾಸನೆ ಇಲ್ಲ. ದೂರ ಒಯ್ದು ಬೆಂಕಿ ತೋರಿಸಿದರೆ ಹೊತ್ತಲಿಲ್ಲ. ಬರೀ ಗಾಳಿ. ರೇಡಿಯೇಟರ್‌ಗಳ ತಲೆಯ ಮೇಲಿನ ಗಾಳಿ ಬಿಡುವ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದೆವು. ನಾಲ್ಕನೇದರಿಂದ ಬುಸ್ ಅಂತ ಗಾಳಿ ಬಂದು, ಆಮೇಲೆ ಎಣ್ಣೆ ಜಿನುಗಿತು. ವಾಲ್ವ್ ಮುಚ್ಚಿ ತೆರೆಯುವ ಗಡಿಬಿಡಿಯಲ್ಲಿ ಅದೊಂದರ ಗಾಳಿ ಬಿಡಿಸುವುದು ಮರೆತಿದ್ದೆವು. ಮಧ್ಯರಾತ್ರಿ ಮತ್ತೆ ಚಾರ್ಜ್ ಮಾಡಿದೆವು, 24 ಗಂಟೆ ಲೆಕ್ಕ ಅಲ್ಲಿಂದ ಹೊಸದಾಗಿ.

ದಿನ 38: ಬಿತ್ತು

ಬೆಳಗ್ಗೆ ಮೊದಲ ಫೀಡರ್ ಹಾಕಿದರು. 60 ಆಂಪ್ಸ್. ಹತ್ತು ನಿಮಿಷ ನೋಡಿದೆವು, ಏನೂ ಇಲ್ಲ. ಎರಡನೇ ಫೀಡರ್ ಹಾಕಿದ ಕೂಡಲೇ ಮೀಟರ್ 125ರ ಹತ್ತಿರ ಹೋಯಿತು. ಅದೇ ಕ್ಷಣ ಎರಡೂ ಬ್ರೇಕರ್ ಢಂ ಅಂತ ಬಿದ್ದವು. ಪ್ಯಾನೆಲ್ ಮೇಲೆ ಡಿಫರೆನ್ಷಿಯಲ್, ಮಾಸ್ಟರ್ ಟ್ರಿಪ್.

ಕಂಟ್ರೋಲ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಎರಡು ದಿನದ ಹಿಂದೆ ತಾನೇ ಬುಕ್‌ಹೋಲ್ಜ್ ಅಲಾರಂ ಬಂದಿತ್ತು. ಈಗ ಡಿಫರೆನ್ಷಿಯಲ್. ಒಳಗೆ ವೈಂಡಿಂಗ್ ಹೋಗಿದೆ ಅಂತಲೇ ಎಲ್ಲರ ಮನಸ್ಸಿನಲ್ಲಿ. ಡಿಫರೆನ್ಷಿಯಲ್ ಬಿದ್ದ ಮೇಲೆ ರೀಸೆಟ್ ಒತ್ತಿ ಮತ್ತೆ ಹಾಕಿ ನೋಡುವ ಮಾತೇ ಇಲ್ಲ. ಎಲ್ಲಾ ಪರೀಕ್ಷೆ ಮೊದಲಿನಿಂದ. ಮೆಗ್ಗರ್ ಸರಿ. ರೇಶಿಯೊ ಸರಿ. ಬುಕ್‌ಹೋಲ್ಜ್‌ನಲ್ಲಿ ಗ್ಯಾಸ್ ಇಲ್ಲ. ಎಣ್ಣೆ ಸರಿ. ಸಂಜೆ ಆರಾಯ್ತು.

ಆಮೇಲೆ ರಿಲೇಯ ದಾಖಲೆ ತೆಗೆದು ನೋಡಿದೆವು. ಅದನ್ನು ಮೊದಲೇ ನೋಡಬೇಕಿತ್ತು. ಎರಡು ಫೇಸ್‌ನಲ್ಲಿ ಡಿಫರೆನ್ಷಿಯಲ್ ಕರೆಂಟ್, ಮೂರನೇದು ಸೊನ್ನೆ. ಎರಡರಲ್ಲೂ ಅಂಕಿ ಒಂದೇ. ಲೋಡ್ ಏರಿದ ಹಾಗೆ ಅದೂ ಸಮವಾಗಿ ಏರಿದೆ. ಒಳಗೆ ಫಾಲ್ಟ್ ಆಗಿದ್ದರೆ ಇಷ್ಟು ಶಿಸ್ತಾಗಿ ಏರುತ್ತಾ? ಡೆಲ್ಟಾ-ಸ್ಟಾರ್ ಬ್ಯಾಂಕಿನಲ್ಲಿ ಸ್ಟಾರ್ ಕಡೆಯ ಒಂದೇ ಸಿಟಿ ತಲೆಕೆಳಗಾದರೂ ರಿಲೇಯಲ್ಲಿ ಎರಡು ಫೇಸ್ ಕೆಟ್ಟ ಹಾಗೆ ಕಾಣುತ್ತೆ. ಟಾರ್ಚ್ ಹಿಡಿದು ಜಂಕ್ಷನ್ ಬಾಕ್ಸ್‌ಗೆ ಓಡಿದೆವು. ಬಿ ಫೇಸ್, ಡಿಫರೆನ್ಷಿಯಲ್‌ಗೆ ಹೋಗುವ ಕೋರ್. ಎಸ್1 ವೈರು ಎಸ್2ರಲ್ಲಿ, ಎಸ್2 ವೈರು ಎಸ್1ರಲ್ಲಿ. ಗ್ಲ್ಯಾಂಡ್ ಬದಲಿಸಿದ ದಿನ ಫೆರೂಲ್ (ವೈರಿನ ಗುರುತಿನ ಬಿಲ್ಲೆ) ಜಾರಿ ಬಿದ್ದಿತ್ತು. ಮತ್ತೆ ಹಾಕುವಾಗ ಅದಲು ಬದಲಾಗಿದೆ.

ಕಟ್ಟಿದ್ದು ನಮ್ಮ ಹುಡುಗ. ಆದರೆ ಬಿಚ್ಚಿಸಿದ್ದು ನಾನು, ಟೆಸ್ಟ್ ಮತ್ತೆ ಬೇಡ ಅಂದವನೂ ನಾನು. 415 ವೋಲ್ಟ್ ಕೊಟ್ಟು ನೋಡಿದ್ದರೆ ಒಂದು ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಅದರ ಬದಲು ಎರಡು ಫೀಡರ್‌ನ ಜನಕ್ಕೆ ಒಂದು ಹಗಲು, ಒಂದು ರಾತ್ರಿ ತ್ರೀಫೇಸ್ ಹೋಯಿತು.

ರಾತ್ರಿಯೇ ವೈರ್ ಸರಿಪಡಿಸಿ ಸ್ಟೆಬಿಲಿಟಿ ಟೆಸ್ಟ್ ಮಾಡಿದೆವು. ಪರೀಕ್ಷೆಗೆಂದೇ ಆ ಒಂದು ವೈರನ್ನು ಮತ್ತೆ ಅದಲು ಬದಲು ಮಾಡಿ, ರಿಲೇ ತಪ್ಪು ತೋರಿಸುತ್ತೆ ಅಂತ ಕಣ್ಣಾರೆ ನೋಡಿ, ವಾಪಸ್ ಸರಿ ಹಾಕಿ, ಮತ್ತೆ ಅಳೆದೆವು. 39ನೇ ದಿನ ಬೆಳಗ್ಗೆ ಫೀಡರ್‌ಗಳನ್ನು ಒಂದೊಂದಾಗಿ ಹಾಕಿ ಮಧ್ಯಾಹ್ನದ ಹೊತ್ತಿಗೆ 310 ಆಂಪ್ಸ್‌ಗೆ ಬಂದೆವು. ನಿಂತಿತು.

ದಿನ 48: ನಾಲ್ಕನೇದು, ಬಿಸಿ ಕ್ಲಾಂಪ್

ಥರ್ಮಲ್ ಕ್ಯಾಮೆರಾ ತಂದು ರಾತ್ರಿ ಎಂಟಕ್ಕೆ ಇಡೀ ಬೇ ನೋಡಿದೆವು. ಲೋಡ್ 380 ಆಂಪ್ಸ್. 11 ಕೆವಿ ಬುಶಿಂಗ್‌ಗಳಲ್ಲಿ ವೈ ಮತ್ತು ಬಿ ಫೇಸಿನ ಕನೆಕ್ಟರ್ (ತಂತಿ ಹಿಡಿಯುವ ಕ್ಲಾಂಪ್) 47, 48 ಡಿಗ್ರಿ. ಆರ್ ಮಾತ್ರ 94.

ಎಲ್‌ಸಿ ತಗೊಂಡು ಬಿಚ್ಚಿದರೆ, ಕನೆಕ್ಟರ್ ಹೊಸದೇ. ಅದರ ಒಳಮೈಯಲ್ಲಿ ಮಂಕಾದ ಬೂದು ಪದರ, ಒಂದು ಕಡೆ ಕಪ್ಪು ಸುಟ್ಟ ಗುರುತು. ಎರಡು ತಿಂಗಳು ಸ್ಟೋರಿನಲ್ಲಿ ಪ್ಯಾಕೆಟ್ ಒಡೆದು ಬಿದ್ದಿದ್ದ ಅಲ್ಯೂಮಿನಿಯಂ. ಅದನ್ನು ಉಜ್ಜದೆ ಹಾಗೇ ಹಾಕಿದ್ದೆವು. ನಾಲ್ಕು ಬೋಲ್ಟಿನಲ್ಲಿ ಒಂದಕ್ಕೆ ವಾಷರ್ ಇರಲಿಲ್ಲ. ವೈರ್ ಬ್ರಶ್‌ನಲ್ಲಿ ಹೊಳೆಯುವ ತನಕ ಉಜ್ಜಿ, ಕೂಡಲೇ ಕಾಂಟ್ಯಾಕ್ಟ್ ಗ್ರೀಸ್ ಸವರಿ, ಸುಟ್ಟಿದ್ದರ ಬದಲು ಬೇರೆ ಕನೆಕ್ಟರ್ ಹಾಕಿ, ಎಂ12 ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ 50 ನ್ಯೂಟನ್ ಮೀಟರ್‌ಗೆ ಬಿಗಿದೆವು. ಬಿಗಿದ ಪ್ರತಿ ಬೋಲ್ಟಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆವು. ಬೋಲ್ಟ್ ಸಡಿಲಾದರೆ ಗೆರೆ ಮುರಿದು ಕಾಣುತ್ತೆ. ಮಾರನೇ ರಾತ್ರಿ ಅಷ್ಟೇ ಲೋಡಿನಲ್ಲಿ 49 ಡಿಗ್ರಿ.

ಇದು 380 ಆಂಪ್ಸ್‌ನಲ್ಲಿ ಕಂಡದ್ದು. ಬೇಸಿಗೆಯಲ್ಲಿ 550 ಹರಿದಾಗ ಬಿಸಿ ಎರಡು ಪಟ್ಟು ಹುಟ್ಟುತ್ತಿತ್ತು. ಆಗ ಆ ಕ್ಲಾಂಪ್ ಕರಗಿ, ಹೊಸ ಬ್ಯಾಂಕ್ ಇದ್ದೂ ಹೋಬಳಿಗೆ ಕತ್ತಲೆ ಆಗುತ್ತಿತ್ತು ಅಲ್ವಾ?

ಖರ್ಚಿನ ಲೆಕ್ಕ

ಟ್ರಾನ್ಸ್‌ಫಾರ್ಮರ್, ಸಿಟಿ, ಕೇಬಲ್ ಇಲಾಖೆಯದು, ಅದು ಬೇರೆ. ನಮ್ಮ ತಪ್ಪಿಗೆ ನಾವು ತೆತ್ತದ್ದು: ಹಳಿ 38,000, ಜನರೇಟರ್ ಮತ್ತು ಡೀಸೆಲ್ 68,000, ಕನೆಕ್ಟರ್ ಮತ್ತು ಎರಡನೇ ಸಲದ ಕ್ಯಾಮೆರಾ ಬಾಡಿಗೆ 11,000. ಒಟ್ಟು 1,17,000. ಹೋಸ್ ಖರ್ಚು ಇದರಲ್ಲಿಲ್ಲ, ಅದು ಹೇಗಿದ್ದರೂ ಬದಲಿಸಬೇಕಿತ್ತು. ಅರ್ತ್ ಫ್ಲಾಟ್‌ನ 12,000 ಪಟ್ಟಿಯಲ್ಲಿ ಇರಲಿಲ್ಲ, ಬಿಲ್ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೂ ಆ ದುಡ್ಡಿನ ಬಗ್ಗೆ ನನಗೆ ಬೇಸರವಿಲ್ಲ.

ಬಾಕಿ ಇರುವುದು

ಹಳೆ 8 ಎಂವಿಎ ಇನ್ನೂ ಸ್ಲೀಪರ್ ಮೇಲೆ ಕೂತಿದೆ, ಲಾರಿ ಬರಬೇಕು. ಮಾರ್ಚ್‌ನಲ್ಲಿ ಪೂರ್ತಿ ಲೋಡ್ ಬಂದಾಗ ಕ್ಯಾಮೆರಾ ಹಿಡಿದು ಮತ್ತೊಮ್ಮೆ ಬರುವುದು ಅಂತ ಆಗಿದೆ.

ಇನ್ನೊಂದು, ಒಂದನೇ ಬ್ಯಾಂಕ್. ಅದರ ನ್ಯೂಟ್ರಲ್ ಪಿಟ್‌ಗಳೂ ಅದೇ ಕಾಲದ್ದು. ಬೋರ್ಡ್ ಮೇಲೆ 1.3 ಅಂತ ಬರೆದಿದೆ, ಫ್ಲಾಟ್‌ಗೆ ಅದೇ ಹಸಿರು ಬಣ್ಣ. ಅಗೆದು ನೋಡಬೇಕು ಅಂತ ಬರೆದು ಕೊಟ್ಟಿದ್ದೆ. ಒಪ್ಪಿಗೆ ಸಿಕ್ಕಿದೆ, ಗುರುವಾರಕ್ಕೆ ಎಲ್‌ಸಿ. ಬ್ಯಾಂಕಿನ ಲೋಡ್ ಪೂರ್ತಿ ಹೊಸದರ ಮೇಲೆ ಹಾಕಿ ಅಂದು ಬೆಳಗ್ಗೆ ಏಳಕ್ಕೆ ಗುದ್ದಲಿ ಹಾಕುತ್ತೇವೆ. ವೆಲ್ಡರ್‌ಗೆ ಹೇಳಿಯಾಗಿದೆ, 40 ಮೀಟರ್ ಫ್ಲಾಟ್ ಈಗಲೇ ತಂದಿಟ್ಟಿದ್ದೇವೆ.